ನ್ಯಾಸ ಮತ್ತು ಪ್ರತ್ಯರ್ಪಣ: ಪಾಲಕನ ಹೊಣೆಯನ್ನು ಕುರಿತು ಜೈನ ಗ್ರಂಥ-ಶಾಸನಗಳ ಸಾಕ್ಷ್ಯ

ತಂದೆಯನ್ನು ಕಳೆದುಕೊಂಡ ಬಾಲಕನ ಸ್ವತ್ತನ್ನು ಕಾಪಾಡುವ ಹೊಣೆ ಯಾರದು ಎಂಬ ಪ್ರಶ್ನೆಗೆ ಭಾರತೀಯ ಧರ್ಮಶಾಸ್ತ್ರಗಳು ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಟ್ಟಿವೆ. ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯುಂಟು. ಬಾಲಕನು ಪ್ರಾಪ್ತವಯಸ್ಕನಾದ ದಿನ ಪಾಲಕನು ಏನನ್ನು, ಎಷ್ಟನ್ನು, ಯಾರ ಸಮಕ್ಷಮದಲ್ಲಿ ಹಿಂದಿರುಗಿಸಬೇಕು? ಹಿಂದಿರುಗಿಸಿದನೆಂಬುದಕ್ಕೆ ಪ್ರಮಾಣವೇನು? ಇದು ಬರಿಯ ವ್ಯವಹಾರದ ಪ್ರಶ್ನೆಯಲ್ಲ. ಒತ್ತೆಯಿಟ್ಟವನಿಗಾಗಲಿ ಇಡುಗಂಟನ್ನು ಕೊಟ್ಟವನಿಗಾಗಲಿ ತಾನು ಕೊಟ್ಟುದೆಷ್ಟೆಂಬುದು ತಿಳಿದಿರುತ್ತದೆ. ಬಾಲಕನಿಗೆ ಅದು ತಿಳಿದಿರುವುದಿಲ್ಲ. ಅವನ ಸ್ವತ್ತಿನ ಪ್ರಮಾಣವನ್ನು ಬಲ್ಲವನು ಅನೇಕ ವೇಳೆ ಅದನ್ನು ಕೈಯಲ್ಲಿ ಹಿಡಿದವನೊಬ್ಬನೇ. ಆದುದರಿಂದ ಪಾಲಕನ ಪ್ರತ್ಯರ್ಪಣಕ್ಕೆ ಎರಡು ಅಂಗಗಳಿರಬೇಕಾಗುತ್ತದೆ: ಒಂದು, ಸ್ವತ್ತನ್ನು ಒಪ್ಪಿಸುವುದು, ಇನ್ನೊಂದು, ಲೆಕ್ಕವನ್ನು ಒಪ್ಪಿಸುವುದು. ಎರಡನೆಯ ಅಂಗವಿಲ್ಲದೆ ಮೊದಲನೆಯದು ಪೂರ್ಣವಾಗದು ಎಂಬ ತತ್ತ್ವವನ್ನು ಜೈನ ಆಚಾರಶಾಸ್ತ್ರವು ಬಹು ಹಿಂದೆಯೇ ಗುರುತಿಸಿತ್ತು. ಕರ್ನಾಟಕದ ಇತಿಹಾಸಕ್ಕೆ ಸಂಬಂಧಿಸಿದ ಎರಡು ಪ್ರಸಿದ್ಧ ರಾಜ್ಯಪಾಲನೆಗಳ ವೃತ್ತಾಂತವನ್ನು ಈ ತತ್ತ್ವದ ಬೆಳಕಿನಲ್ಲಿ ಪರಿಶೀಲಿಸಬಹುದಾಗಿದೆ. ಆ ಎರಡರ ಸಾಕ್ಷ್ಯವೂ ಜೈನಸಂಬಂಧವುಳ್ಳ ಶಾಸನಗಳಲ್ಲಿ ಉಳಿದುಬಂದಿರುವುದು ಗಮನಾರ್ಹ.

1. ಧರ್ಮಶಾಸ್ತ್ರಗಳ ವಿಧಿ

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಾಲಕನಿಗೆ ದಾಯವಾಗಿ ಬಂದ ಧನವನ್ನು ಅವನು ಗುರುಕುಲದಿಂದ ಮರಳುವವರೆಗೆ ಅಥವಾ ಬಾಲ್ಯವನ್ನು ದಾಟುವವರೆಗೆ ರಾಜನು ರಕ್ಷಿಸಬೇಕೆಂದು ಹೇಳಿದೆ. ಇಲ್ಲಿ ಅಂತಿಮ ಪಾಲಕನು ರಾಜನೇ. ಬಂಧುಗಳು ಅವನ ಕೈಕೆಳಗಿನವರು ಮಾತ್ರ. ಕೌಟಿಲ್ಯನ ಅರ್ಥಶಾಸ್ತ್ರವು ಈ ಹೊಣೆಯನ್ನು ಗ್ರಾಮವೃದ್ಧರ ಮೇಲೆ ಹೊರಿಸುತ್ತದೆ. ಬಾಲಕನ ದ್ರವ್ಯವನ್ನು ಅವನು ವ್ಯವಹಾರಯೋಗ್ಯನಾಗುವವರೆಗೆ ಗ್ರಾಮವೃದ್ಧರು ವೃದ್ಧಿಗೊಳಿಸಬೇಕು. ದೇವದ್ರವ್ಯಕ್ಕೂ ಇದೇ ವಿಧಿ. ದಾಯವಿಭಾಗದ ಪ್ರಕರಣದಲ್ಲಿ ಅದೇ ಗ್ರಂಥವು, ಅಪ್ರಾಪ್ತವ್ಯವಹಾರರ ಪಾಲನ್ನು ಋಣದಿಂದ ಮುಕ್ತಗೊಳಿಸಿ ತಾಯಿಯ ಕಡೆಯ ಬಂಧುಗಳಲ್ಲಿ ಅಥವಾ ಗ್ರಾಮವೃದ್ಧರಲ್ಲಿ ಇರಿಸಬೇಕೆಂದು ವಿಧಿಸುತ್ತದೆ. ತಂದೆಯ ಕಡೆಯವರನ್ನು, ಎಂದರೆ ಪಾಲಿಗೆ ಸ್ಪರ್ಧಿಗಳಾಗಬಲ್ಲ ದಾಯಾದಿಗಳನ್ನು, ಇಲ್ಲಿ ಹೆಸರಿಸದಿರುವುದರ ಔಚಿತ್ಯ ಸ್ಪಷ್ಟವಾಗಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯೊಂದರಿಂದ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಪ್ರಕಟವಾಯಿತೆಂಬುದು ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ತಿಳಿದ ವಿಷಯ.

ವಯೋಮಿತಿಯ ವಿಷಯದಲ್ಲಿಯೂ ಶಾಸ್ತ್ರಗಳಲ್ಲಿ ಬಹುಮಟ್ಟಿನ ಸಮ್ಮತಿಯಿದೆ. ಅರ್ಥಶಾಸ್ತ್ರದ ಪ್ರಕಾರ ಸ್ತ್ರೀಯು 12 ವರ್ಷಕ್ಕೆ, ಪುರುಷನು 16 ವರ್ಷಕ್ಕೆ ಪ್ರಾಪ್ತವ್ಯವಹಾರರಾಗುತ್ತಾರೆ. ನಾರದಸ್ಮೃತಿಯೂ ಬಾಲ್ಯದ ಮೇರೆಯನ್ನು 16ನೆಯ ವರ್ಷಕ್ಕೆ ಇರಿಸಿದೆ. ‘ಪ್ರಾಪ್ತವ್ಯವಹಾರ’ ಎಂಬ ಪದವೇ ಅರ್ಥಪೂರ್ಣವಾದುದು. ಅದು ದೇಹದ ಬೆಳವಣಿಗೆಯನ್ನಲ್ಲ, ಲೇನದೇನಗಳನ್ನು ತಿಳಿದು ನಡೆಸುವ ಅರ್ಹತೆಯನ್ನು ಹೇಳುತ್ತದೆ. ಒಡಿಶಾದ ಹಾಥಿಗುಂಫೆಯಲ್ಲಿರುವ ಜೈನಸಮ್ರಾಟ ಖಾರವೇಲನ ಶಾಸನವು ಇದಕ್ಕೆ ಪೂರಕವಾಗಿದೆ. ಅವನು 15 ವರ್ಷ ಕುಮಾರಕ್ರೀಡೆಗಳಲ್ಲಿ ಕಳೆದು, ಲೇಖ, ರೂಪ, ಗಣನ, ವ್ಯವಹಾರ, ವಿಧಿಗಳಲ್ಲಿ ವಿಶಾರದನಾಗಿ, 9 ವರ್ಷ ಯುವರಾಜನಾಗಿದ್ದು, 24 ವರ್ಷ ತುಂಬಿದ ಮೇಲೆ ಮಹಾರಾಜನಾಗಿ ಅಭಿಷಿಕ್ತನಾದನೆಂದು ಅಲ್ಲಿ ಹೇಳಿದೆ. ಬರೆಯುವುದು, ನಾಣ್ಯವನ್ನು ಬಲ್ಲುದು, ಲೆಕ್ಕ ಹಾಕುವುದು, ನ್ಯಾಯವನ್ನು ತಿಳಿಯುವುದು ಇವು ಅಧಿಕಾರವನ್ನು ಪಡೆಯುವವನಿಗೆ ಇರಬೇಕಾದ ವಿದ್ಯೆಗಳು. ಬೇರೆ ಮಾತಿನಲ್ಲಿ ಹೇಳುವುದಾದರೆ, ಪಾಲಕನ ಲೆಕ್ಕವನ್ನು ಓದಿ ಪರೀಕ್ಷಿಸಬಲ್ಲವನೇ ಪಾಲನೆಯಿಂದ ಹೊರಬರಲು ಅರ್ಹನು.

ಇನ್ನೊಂದು ಮುಖ್ಯ ವಿಧಿಯು ಭೋಗವನ್ನು ಕುರಿತದ್ದು. ಒಡೆಯನು ಕಣ್ಣಾರೆ ಕಂಡೂ ಆಕ್ಷೇಪಿಸದೆ ಸುಮ್ಮನಿದ್ದಲ್ಲಿ, ಅನ್ಯನು 20 ವರ್ಷ ಭೋಗಿಸಿದ ಭೂಮಿಯೂ 10 ವರ್ಷ ಭೋಗಿಸಿದ ಚರಸ್ವತ್ತೂ ಅವನ ಕೈತಪ್ಪುವ ಪ್ರಸಂಗವನ್ನು ಯಾಜ್ಞವಲ್ಕ್ಯಸ್ಮೃತಿ ಚರ್ಚಿಸುತ್ತದೆ. ಆದರೆ ಮರುಶ್ಲೋಕದಲ್ಲಿಯೇ ಒತ್ತೆ, ಎಲ್ಲೆ, ನಿಕ್ಷೇಪ ಮೊದಲಾದವುಗಳೊಡನೆ ಬಾಲಕನ ಧನವನ್ನೂ ಅದು ಈ ನಿಯಮದಿಂದ ಹೊರತುಪಡಿಸುತ್ತದೆ. ಮನುವಿನಲ್ಲಿಯೂ ಇಂತಹುದೇ ಅಪವಾದವಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಅಪವಾದಗಳಿಗೆ ಕಾರಣವನ್ನು ವಿವರಿಸಿದ್ದಾನೆ. ಮೌನವು ಸಮ್ಮತಿಯೆನಿಸಬೇಕಾದರೆ ಮಾತನಾಡುವ ಶಕ್ತಿಯಿರಬೇಕು. ಬಾಲಕನಿಗೆ ಆ ಶಕ್ತಿಯಿಲ್ಲದಿರುವುದರಿಂದ ಅವನು ಆಕ್ಷೇಪಿಸದಿದ್ದುದು ಅವನ ಹಕ್ಕನ್ನು ಕುಂದಿಸದು. ಪಾಲಕನು ಎಷ್ಟು ದೀರ್ಘಕಾಲ ಹಿಡಿದಿದ್ದರೂ ಕಾಲವು ಅವನ ಪಕ್ಷಕ್ಕೆ ಸೇರುವುದಿಲ್ಲ ಎಂಬುದು ಇದರ ತಾತ್ಪರ್ಯ.

2. ನ್ಯಾಸಾಪಹಾರ: ಕಳ್ಳತನವೋ ಸುಳ್ಳೋ?

ಕೊಟ್ಟ ನಿಕ್ಷೇಪವನ್ನು ಹಿಂದಿರುಗಿಸದವನನ್ನೂ, ಕೊಡದೆಯೇ ಕೊಟ್ಟೆನೆಂದು ಬೇಡುವವನನ್ನೂ ಕಳ್ಳನಂತೆ ದಂಡಿಸಬೇಕೆಂಬುದು ಮನುವಿನ ಮತ. ಸಾಮಾನ್ಯ ದೃಷ್ಟಿಗೆ ಇದೇ ಸಹಜವಾಗಿ ಕಾಣುತ್ತದೆ. ಪರರ ಧನವನ್ನು ಉಳಿಸಿಕೊಳ್ಳುವುದು ಸ್ತೇಯವಲ್ಲದೆ ಮತ್ತೇನು? ಜೈನ ಆಚಾರಶಾಸ್ತ್ರವಾದರೋ ಇಲ್ಲಿ ಬೇರೊಂದು ದಾರಿಯನ್ನು ಹಿಡಿದಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದೆ. ‘ನ್ಯಾಸಾಪಹಾರ’ವು ಅಲ್ಲಿ ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಲ್ಲ, ಸತ್ಯವ್ರತದ ಅತಿಚಾರಗಳಲ್ಲಿ, ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ಸಾಕಾರಮಂತ್ರಭೇದಗಳ ಸಾಲಿನಲ್ಲಿ ಸೇರಿದೆ. ದಿಗಂಬರ ಪಾಠದಲ್ಲಿ ಇದು 26ನೆಯ ಸೂತ್ರ, ಶ್ವೇತಾಂಬರ ಪಾಠದಲ್ಲಿ 21ನೆಯದು. ಸೂತ್ರಸಂಖ್ಯೆಯಲ್ಲಿ ಭೇದವಿದ್ದರೂ ನ್ಯಾಸಾಪಹಾರದ ಸ್ಥಾನದಲ್ಲಿ ಭೇದವಿಲ್ಲ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವೂ ಅದನ್ನು ಸತ್ಯಾಣುವ್ರತದ ಅಡಿಯಲ್ಲಿಯೇ ಹೇಳುತ್ತದೆ.

ಹೀಗೇಕೆ ಎಂಬುದಕ್ಕೆ ಉತ್ತರವು ಕನ್ನಡ ನಾಡಿನವನೇ ಆದ ಪೂಜ್ಯಪಾದ ದೇವನಂದಿಯ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ದೊರೆಯುತ್ತದೆ. ಚಿನ್ನ ಮೊದಲಾದ ದ್ರವ್ಯವನ್ನು ನಂಬಿ ಇಟ್ಟವನೊಬ್ಬನು ಅದರ ಸಂಖ್ಯೆಯನ್ನು ಮರೆತು, ಇಟ್ಟುದಕ್ಕಿಂತ ಕಡಮೆಯನ್ನು ಕೇಳಿ ತೆಗೆದುಕೊಳ್ಳುತ್ತಾನೆ. ಇಟ್ಟುಕೊಂಡವನು ನಿಜವನ್ನು ಬಲ್ಲವನಾಗಿಯೂ ‘ಹಾಗೆಯೇ ಸರಿ’ ಎಂದು ಒಪ್ಪಿಗೆಯ ಮಾತನ್ನಾಡುತ್ತಾನೆ. ಆ ಒಪ್ಪಿಗೆಯ ಮಾತೇ ನ್ಯಾಸಾಪಹಾರ. ಇಲ್ಲಿ ಬೀಗವನ್ನು ಮುರಿದವರಿಲ್ಲ, ಕೇಳಿದುದನ್ನು ಕೊಡೆನೆಂದವರಿಲ್ಲ. ಕೇಳಿದಷ್ಟನ್ನೂ ಕೊಟ್ಟಾಗಿದೆ. ಆದರೂ ವ್ರತಕ್ಕೆ ಕಲಂಕ ತಟ್ಟಿದೆ. ಏಕೆಂದರೆ ಎದುರಿಗಿರುವವನ ಅಜ್ಞಾನವನ್ನು ತಿದ್ದಬಲ್ಲವನು ತಿದ್ದಲಿಲ್ಲ. 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಈ ಅತಿಚಾರದ ಹೆಸರನ್ನೇ ‘ನ್ಯಸ್ತಾಂಶವಿಸ್ಮರ್ತ್ರನುಜ್ಞಾ’ ಎಂದು ಬದಲಿಸಿ, ಇಟ್ಟುದರಲ್ಲಿ ಒಂದಂಶವನ್ನು ಮರೆತವನಿಗೆ ಅನುಮತಿಯ ಮಾತನ್ನಾಡುವುದು ಎಂಬ ಅರ್ಥವನ್ನು ಹೆಸರಿನಲ್ಲಿಯೇ ಅಡಕಗೊಳಿಸಿದ್ದಾನೆ. ‘ಅಪಹಾರ’ ಎಂಬ ಪದವು ಕಳ್ಳತನದ ಭಾವನೆಯನ್ನು ತರುವುದರಿಂದ ಅದನ್ನು ಬಿಟ್ಟು, ದೋಷದ ನೆಲೆಯು ಮಾತಿನಲ್ಲಿದೆಯೆಂಬುದನ್ನು ಅವನು ಸ್ಪಷ್ಟಪಡಿಸಿದಂತಿದೆ.

ಈ ವ್ಯಾಖ್ಯಾನವು ಪಾಲಕನಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪೂಜ್ಯಪಾದನ ದೃಷ್ಟಾಂತದಲ್ಲಿ ಇಟ್ಟವನು ಸಂಖ್ಯೆಯನ್ನು ಮರೆತವನು. ಪಾಲಿತನಾದ ಬಾಲಕನು ಅದನ್ನು ಎಂದೂ ಅರಿಯದವನು. ಇಟ್ಟವನು ಅವನ ತಂದೆ; ಕೇಳುವವನು ಮಗ. ಅವನು ಕೇಳಿದಷ್ಟನ್ನು ಕೊಟ್ಟು ಕೈತೊಳೆದುಕೊಂಡರೆ ವ್ಯವಹಾರದ ಕಣ್ಣಿಗೆ ಪ್ರತ್ಯರ್ಪಣವು ಮುಗಿದಂತೆ ಕಾಣಬಹುದು. ವ್ರತದ ಕಣ್ಣಿಗೆ ಅದು ಇನ್ನೂ ಆರಂಭವಾಗಿಯೇ ಇಲ್ಲ. ಕೇಳದ ಲೆಕ್ಕವನ್ನು ತಾನಾಗಿ ಹೇಳುವುದೇ ಇಲ್ಲಿನ ಧರ್ಮ. ಅದೇ ಸೂತ್ರದಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಸ್ತಾವೇಜಿನ ಸೃಷ್ಟಿ, ನ್ಯಾಸಾಪಹಾರದ ಹಿಂದೆಯೇ ಬಂದಿರುವುದೂ ಆಕಸ್ಮಿಕವೆನಿಸುವುದಿಲ್ಲ. ವಂಚಕನಾದ ಪಾಲಕನಿಗೆ ಈ ಎರಡೂ ಜೊತೆಜೊತೆಯಾಗಿಯೇ ಬೇಕಾಗುತ್ತವೆ.

3. ಒಪ್ಪಿಸದ ಪಾಲಕ: ಮಂಗಲೇಶ

ಶಾಸ್ತ್ರಗಳು ರಾಜನನ್ನು ಬಾಲಕರ ಪಾಲಕನನ್ನಾಗಿ ಮಾಡಿದುವು. ರಾಜನೇ ಬಾಲಕನಾದಾಗ, ಸ್ವತ್ತು ರಾಜ್ಯವೇ ಆದಾಗ, ಪಾಲಕನಿಂದ ಲೆಕ್ಕವನ್ನು ಕೇಳುವವರಾರು? ಬಾದಾಮಿಯ ಚಾಲುಕ್ಯರ ಇತಿಹಾಸದಲ್ಲಿ ಈ ಪ್ರಶ್ನೆ ರಕ್ತಪಾತದಲ್ಲಿ ಪರ್ಯವಸಾನವಾಯಿತು.

ಒಂದನೆಯ ಕೀರ್ತಿವರ್ಮನ ತಮ್ಮನಾದ ಮಂಗಲೇಶನು ಅಣ್ಣನ ಆಳಿಕೆಯಲ್ಲಿ ಭ್ರಾತೃಭಕ್ತಿಗೆ ಹೆಸರಾದವನು. ಬಾದಾಮಿಯ ಮೂರನೆಯ ಗುಹಾಲಯದಲ್ಲಿರುವ ಶಕವರ್ಷ 500ರ (ಕ್ರಿ.ಶ. 578) ಶಾಸನದಲ್ಲಿ ಅವನು ತಾನು ಮಾಡಿಸಿದ ವಿಷ್ಣುಗೃಹದ ಪುಣ್ಯಫಲವನ್ನು ಆದಿತ್ಯ, ಅಗ್ನಿ ಮತ್ತು ಮಹಾಜನಸಭೆಯ ಸಮಕ್ಷಮದಲ್ಲಿ ನೀರೆರೆದು ಅಣ್ಣನಿಗೆ ಧಾರೆಯಾಗಿ ಕೊಟ್ಟು, ಭ್ರಾತೃಶುಶ್ರೂಷೆಯ ಫಲ ಮಾತ್ರ ತನಗಿರಲೆಂದು ಕೋರಿದ್ದಾನೆ. ಸಾಕ್ಷಿಗಳ ಮುಂದೆ ವಿಧಿಪೂರ್ವಕವಾಗಿ ಒಪ್ಪಿಸುವುದು ಹೇಗೆಂಬುದನ್ನು ಅವನು ಬಲ್ಲವನಾಗಿದ್ದನು.

ಕೀರ್ತಿವರ್ಮನು ತೀರಿಕೊಂಡಾಗ ಅವನ ಮಗ ಪುಲಕೇಶಿಯು ಇನ್ನೂ ಚಿಕ್ಕವನಾಗಿದ್ದುದರಿಂದ ಮಂಗಲೇಶನು ರಾಜ್ಯಸೂತ್ರಗಳನ್ನು ಹಿಡಿದನೆಂದು ಇತಿಹಾಸಕಾರರು ನಿರ್ಧರಿಸಿದ್ದಾರೆ. ಮುಂದಿನ ಕಥೆಯನ್ನು ಹೇಳುವುದು ಐಹೊಳೆಯ ಮೇಗುಟಿ ಜಿನಾಲಯದ ಶಾಸನ. ಶಕವರ್ಷ 556ರ (ಕ್ರಿ.ಶ. 634–35) ಈ ಪ್ರಶಸ್ತಿಯನ್ನು ರಚಿಸಿದ ಜೈನಕವಿ ರವಿಕೀರ್ತಿಯೇ ಆ ಜಿನಾಲಯವನ್ನು ಕಟ್ಟಿಸಿದವನು. ಅವನ ನಿರೂಪಣೆಯಲ್ಲಿ ಗಮನಿಸಬೇಕಾದ ಒಂದು ಸಮತೋಲವಿದೆ. ಕಟಚ್ಚುರಿಗಳನ್ನು, ಎಂದರೆ ಕಳಚುರಿಗಳನ್ನು, ಮಂಗಲೇಶನು ಜಯಿಸಿದುದನ್ನೂ, ಸಮುದ್ರದಲ್ಲಿದ್ದ ರೇವತೀದ್ವೀಪವನ್ನು ಮುತ್ತಿ ವಶಪಡಿಸಿಕೊಂಡುದನ್ನೂ ಅವನು ಮನಸಾರೆ ಹೊಗಳುತ್ತಾನೆ. ಅನಂತರವೇ ಅಣ್ಣನ ಮಗನ ವಿಷಯದಲ್ಲಿ ಚಿಕ್ಕಪ್ಪನು ಅಸೂಯೆಗೊಂಡುದನ್ನೂ, ಅದನ್ನರಿತ ಪುಲಕೇಶಿಯು ದೇಶಾಂತರಕ್ಕೆ ಹೊರಟುದನ್ನೂ ತಿಳಿಸುತ್ತಾನೆ. ಪುಲಕೇಶಿಯ ಮಂತ್ರಶಕ್ತಿ, ಉತ್ಸಾಹಶಕ್ತಿಗಳಿಂದ ಬಲಗುಂದಿದ ಮಂಗಲೇಶನು ತನ್ನ ಮಗನಿಗೆ ರಾಜ್ಯವನ್ನು ಒದಗಿಸುವ ಯತ್ನ, ರಾಜ್ಯ ಮತ್ತು ಪ್ರಾಣ ಈ ಮೂರನ್ನೂ ಒಟ್ಟಿಗೆ ಕಳೆದುಕೊಂಡನೆಂದು ಹೇಳಿ ಪ್ರಸಂಗವನ್ನು ಮುಗಿಸುತ್ತಾನೆ. ಆಂಧ್ರಪ್ರದೇಶದ ಪೆದ್ದವಡಗೂರಿನ ಶಾಸನದಲ್ಲಿ ಎಱೆಯಿತಿಯಡಿಗಳೆಂಬವನು ರಣವಿಕ್ರಮನನ್ನು ಸೋಲಿಸಿದ ಮಾತು ಬರುತ್ತದೆ. ಇಲ್ಲಿನ ಎಱೆಯಿತಿಯಡಿಗಳನ್ನು ಪುಲಕೇಶಿಯೊಡನೆಯೂ, ರಣವಿಕ್ರಮನನ್ನು ಆ ಬಿರುದಿದ್ದ ಮಂಗಲೇಶನೊಡನೆಯೂ ವಿದ್ವಾಂಸರು ಅಭಿನ್ನರೆಂದು ಗುರುತಿಸಿದ್ದಾರೆ. ಪುಲಕೇಶಿಯ ಆಳಿಕೆ ಕ್ರಿ.ಶ. 609–10ರಲ್ಲಿ ಆರಂಭವಾಯಿತು.

ಕೌಟಿಲ್ಯನ ವಿಧಿಯೊಡನೆ ಈ ವೃತ್ತಾಂತವನ್ನು ಹೋಲಿಸಿದರೆ ಮಂಗಲೇಶನ ದೋಷವು ಯಾವುದು, ಯಾವುದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಬಾಲಕನ ದ್ರವ್ಯವನ್ನು ವೃದ್ಧಿಗೊಳಿಸಬೇಕೆಂಬ ವಿಧಿಯನ್ನು ಅವನು ಚೆನ್ನಾಗಿಯೇ ನೆರವೇರಿಸಿದನು; ಅವನ ಕೈಯಲ್ಲಿ ರಾಜ್ಯವು ಕುಗ್ಗಲಿಲ್ಲ, ಬೆಳೆಯಿತು. ಆದರೆ ವೃದ್ಧಿಯು ಒಡೆತನವನ್ನು ಹುಟ್ಟಿಸುವುದಿಲ್ಲ. ತಾನು ಬೆಳೆಸಿದ್ದರಿಂದ ತನ್ನದು ಎಂಬ ಭಾವನೆಯೇ ದಕ್ಷನಾದ ಪಾಲಕನನ್ನು ಕಾಡುವ ಮುಖ್ಯ ಪ್ರಲೋಭನೆ. ಅದಕ್ಷನು ಸ್ವತ್ತನ್ನು ಹಾಳುಮಾಡಿಯಾನು. ದಕ್ಷನು ಅದನ್ನು ತನ್ನದೆಂದೇ ನಂಬಿಬಿಟ್ಟಾನು. ರವಿಕೀರ್ತಿಯು ವಿಜಯಗಳನ್ನು ಜಮೆಯ ಪಕ್ಷದಲ್ಲಿ ಬರೆದು, ಒಪ್ಪಿಸದಿದ್ದುದನ್ನು ಎದುರು ಪಕ್ಷದಲ್ಲಿ ಬರೆದು, ಎರಡನ್ನೂ ಉಳಿಸಿಕೊಟ್ಟಿದ್ದಾನೆ. ಅವನು ಪುಲಕೇಶಿಯ ಆಶ್ರಿತನೆಂಬುದನ್ನು ಮರೆಯಲಾಗದು. ಹಾಗಿದ್ದೂ ಎದುರಾಳಿಯ ಗಳಿಕೆಯನ್ನು ಅವನು ಮರೆಮಾಚಲಿಲ್ಲವೆಂಬುದು ಪ್ರಶಸ್ತಿಯ ಮೌಲ್ಯವನ್ನು ಹೆಚ್ಚಿಸುತ್ತದೆ.

4. ಒಪ್ಪಿಸಿದ ಪಾಲಕ: ಕರ್ಕ ಸುವರ್ಣವರ್ಷ

ಇದಾದ ಎರಡು ಶತಮಾನಗಳ ತರುವಾಯ ರಾಷ್ಟ್ರಕೂಟರಲ್ಲಿ ಇಂತಹುದೇ ಸಂದರ್ಭವೊದಗಿತು. ಮೂರನೆಯ ಗೋವಿಂದನು ಕ್ರಿ.ಶ. 814ರಲ್ಲಿ ಮಡಿದಾಗ ಅವನ ಮಗ ಶರ್ವನು, ಎಂದರೆ ಅಮೋಘವರ್ಷ ನೃಪತುಂಗನು, ಸುಮಾರು 14 ವರ್ಷದ ಬಾಲಕ. ಗೋವಿಂದನು ವಿಂಧ್ಯದ ತಪ್ಪಲಿನ ಶ್ರೀಭವನದಲ್ಲಿ ಬೀಡುಬಿಟ್ಟಿದ್ದಾಗ ಅವನು ಹುಟ್ಟಿದುದನ್ನು ಶಕವರ್ಷ 793ರ (ಕ್ರಿ.ಶ. 871) ಸಂಜಾನ್ ತಾಮ್ರಪಟಗಳು ತಿಳಿಸುತ್ತವೆ. ಬಾಲಕರಾಜನಿಗೆ ಆಸರೆಯಾದವನು ಗೋವಿಂದನ ತಮ್ಮನಾದ ಇಂದ್ರನ ಮಗ, ಗುಜರಾತಿನ ಲಾಟಮಂಡಲವನ್ನು ಆಳುತ್ತಿದ್ದ ಕರ್ಕ ಸುವರ್ಣವರ್ಷ. ಅವನು ಪಾಲಿತನ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳ ಸಾಲಿನವನು, ವಯಸ್ಸಿನಲ್ಲಿ ಹಿರಿಯ, ಸೈನ್ಯಬಲವುಳ್ಳವನು. ಕೌಟಿಲ್ಯನ ಎಚ್ಚರಿಕೆಗೆ ಗುರಿಯಾಗಬೇಕಾದ ದಾಯಾದಿಯೇ ಸರಿ.

ಮುಂದಿನ ಘಟನೆಗಳ ಕಾಲನಿರ್ಣಯವು ಶಾಸನಗಳ ಮೌನ ಮತ್ತು ಮಾತುಗಳ ಮೇಲೆ ನಿಂತಿದೆ. ಕರ್ಕನ ಕ್ರಿ.ಶ. 816ರ ನವಸಾರಿ ತಾಮ್ರಪಟದಲ್ಲಿ ದಂಗೆಯ ಪ್ರಸ್ತಾಪವಿಲ್ಲ. ಶಕವರ್ಷ 743ರ (ಕ್ರಿ.ಶ. 821) ಸೂರತ್ ತಾಮ್ರಪಟದಲ್ಲಿ ಅಮೋಘವರ್ಷನನ್ನು ಅವನ ಪದವಿಯಲ್ಲಿ ಮತ್ತೆ ನೆಲೆಗೊಳಿಸಿದ ಉಲ್ಲೇಖವಿದೆ. ಆದುದರಿಂದ ಸಾಮಂತರೂ ಬಂಧುಗಳೂ ಬಂಡೆದ್ದು ಬಾಲಕನು ಸಿಂಹಾಸನದಿಂದ ಚ್ಯುತನಾದುದು ಈ ಎರಡು ವರ್ಷಗಳ ನಡುವೆ ಎಂದು ಅಳ್ತೇಕರ್ ಅವರು ನಿರ್ಣಯಿಸಿದರು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಪ್ರಾಪ್ತವ್ಯವಹಾರನಾಗುವ 16ರ ವಯಸ್ಸಿನಿಂದ 21ರ ವಯಸ್ಸಿನವರೆಗಿನ ಅವಧಿ ಇದು. ರಾಜ್ಯವು ವೈರಿಗಳ ಕೈಗೆ ಹೋಗಿತ್ತು. ಅದನ್ನು ಮರಳಿ ಗೆದ್ದವನು ಕರ್ಕ. ಗೆದ್ದುದನ್ನು ಅವನು ಇಟ್ಟುಕೊಳ್ಳಬಹುದಿತ್ತು. ಮಂಗಲೇಶನ ಪಾಲಿಗಿದ್ದುದಕ್ಕಿಂತ ಪ್ರಬಲವಾದ ನೆಪ ಅವನಿಗಿತ್ತು. ಅವನು ಹಾಗೆ ಮಾಡದೆ ರಾಜ್ಯವನ್ನು ಪಾಲಿತನಿಗೆ ಒಪ್ಪಿಸಿ ಲಾಟಕ್ಕೆ ಮರಳಿದನು.

ಸೂರತ್ ತಾಮ್ರಪಟದ ಮುಖ್ಯ ವಿಷಯವು ಜೈನದಾನ. ನಾಗಸಾರಿಕೆಯ, ಎಂದರೆ ಇಂದಿನ ನವಸಾರಿಯ, ಜೈನಸಂಸ್ಥೆಗಾಗಿ ಮೂಲಸಂಘದ ಸೇನಸಂಘಕ್ಕೆ ಸೇರಿದ ಅಪರಾಜಿತಗುರುವಿಗೆ ಕರ್ಕನು ಭೂಮಿಯನ್ನು ಕೊಟ್ಟುದನ್ನು ಅದು ದಾಖಲಿಸುತ್ತದೆ. ಅಪರಾಜಿತನು ಸುಮತಿಯ ಶಿಷ್ಯ; ಸುಮತಿಯು ಮಲ್ಲವಾದಿಯ ಶಿಷ್ಯ. ಪಾಲಕನು ತನ್ನ ಪ್ರತ್ಯರ್ಪಣದ ವಾರ್ತೆಯನ್ನು ಮುನಿಸಂಘಕ್ಕಿತ್ತ ದಾನಪತ್ರದಲ್ಲಿ ಬರೆಯಿಸಿದ್ದಾನೆಂಬುದು ವಿಚಾರಾರ್ಹವಾದ ಸಂಗತಿ. ದಾನಪತ್ರವು ಶಾಶ್ವತವಾಗಿ ಉಳಿಯಬೇಕೆಂದು ಲೋಹದಲ್ಲಿ ಕೊರೆಯಿಸಿದ ಲೇಖ. ಅದರ ಒಡೆಯರು ಪರಿಗ್ರಹವನ್ನು ತ್ಯಜಿಸಿದವರು.

ಆದರೂ ಒಂದು ಆಕ್ಷೇಪವು ಉಳಿಯುತ್ತದೆ. ಒಪ್ಪಿಸಿದೆನೆಂದು ಹೇಳುವವನು ಒಪ್ಪಿಸಬೇಕಾದವನೇ ಆದರೆ ಆ ಮಾತನ್ನು ಪ್ರಮಾಣವೆನ್ನಬಹುದೆ? ಪಾವತಿಯನ್ನು ಬರೆಯಬೇಕಾದವನು ಪಡೆದವನು, ಕೊಟ್ಟವನಲ್ಲ. ಶಕವರ್ಷ 757ರ (ಕ್ರಿ.ಶ. 835) ಬರೋಡಾ ತಾಮ್ರಪಟದಲ್ಲಿ ಕರ್ಕನ ಈ ಕಾರ್ಯದ ಪ್ರಶಂಸೆ ಮತ್ತೆ ಬರುತ್ತದೆಯಾದರೂ ಅದೂ ಕರ್ಕನ ವಂಶದವರದೇ ಲೇಖ. ಈ ಆಕ್ಷೇಪಕ್ಕೆ ಸಮಾಧಾನವನ್ನು ಒದಗಿಸುವುದು ಸಂಜಾನ್ ತಾಮ್ರಪಟ. ಅದು ಅಮೋಘವರ್ಷನದೇ ಶಾಸನ. ರಾಜ್ಯವು ಕೈಸೇರಿದ 50 ವರ್ಷಗಳ ಬಳಿಕ, ಅವನು ಎಪ್ಪತ್ತನ್ನು ಮುಟ್ಟಿದ್ದಾಗ ಬರೆಯಿಸಿದುದು. ಅದರಲ್ಲಿ ಬಾಲ್ಯದ ವಿಪತ್ತಿನ ಪ್ರಸಂಗದಲ್ಲಿ ಪಾತಾಳಮಲ್ಲನೆಂಬವನ ಹೆಸರು ಬರುತ್ತದೆ. ಈ ಪಾತಾಳಮಲ್ಲನು ಕರ್ಕನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಗುರುತನ್ನು ಒಪ್ಪಿದಲ್ಲಿ ಪಾಲಕನ ಹೇಳಿಕೆ, ಪಾಲಿತನ ಅಂಗೀಕಾರ ಎರಡೂ ಉಳಿದುಬಂದಂತಾಯಿತು. ಪ್ರಾಚೀನ ರಾಜ್ಯಪಾಲನೆಗಳ ವಿಷಯದಲ್ಲಿ ಇದು ವಿರಳ.

ಪಾಲಿತನ ಅಂಗೀಕಾರದ ಮೌಲ್ಯವು ನಡುವಣ ಇತಿಹಾಸವನ್ನು ನೆನೆದಾಗ ಇನ್ನೂ ಹೆಚ್ಚುತ್ತದೆ. ಕರ್ಕನ ಅನಂತರ ಲಾಟಶಾಖೆಗೂ ಮಾನ್ಯಖೇಟಕ್ಕೂ ವೈರ ಬೆಳೆಯಿತು. ಕರ್ಕನ ಮಗ ಒಂದನೆಯ ಧ್ರುವನು ವಲ್ಲಭನ ಸೈನ್ಯದೊಡನೆ ಹೋರಾಡಿ ಮಡಿದುದನ್ನು ಶಕವರ್ಷ 789ರ (ಕ್ರಿ.ಶ. 867) ಬಗುಮ್ರಾ ತಾಮ್ರಪಟ ತಿಳಿಸುತ್ತದೆ. ಅಷ್ಟು ದೀರ್ಘವಾದ ಕಲಹದ ಬಳಿಕವೂ ಹಳೆಯ ಪಾಲಕನ ಹೆಸರನ್ನು ಸಂಜಾನ್ ಪಟವು ಅಳಿಸಲಿಲ್ಲ. ಪ್ರತ್ಯರ್ಪಣದ ನಂತರದ ವೈರವು ಪ್ರತ್ಯರ್ಪಣವನ್ನು ಅಸಿಂಧುಗೊಳಿಸಲಿಲ್ಲ.

5. ಗೃಹತ್ಯಾಗ ಮತ್ತು ಸಾಕ್ಷಿ

ಅಮೋಘವರ್ಷನಿಗೆ ಗುರುವಾಗಿದ್ದವನು ಸೇನಾನ್ವಯದ ಆಚಾರ್ಯ ಜಿನಸೇನ, ಶಕವರ್ಷ 759ರಲ್ಲಿ (ಕ್ರಿ.ಶ. 837) ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದವನು. ಅವನ ಆದಿಪುರಾಣದ 38ನೆಯ ಪರ್ವದಲ್ಲಿ ಗೃಹಸ್ಥನ ಸಂಸ್ಕಾರಗಳನ್ನು ಹೇಳುವಾಗ ‘ಗೃಹತ್ಯಾಗ’ವೆಂಬ ಕ್ರಿಯೆಯ ವರ್ಣನೆಯಿದೆ. ಮನೆಯನ್ನು ತೊರೆಯುವ ಗೃಹಸ್ಥನು ಮೊದಲು ಸಿದ್ಧಾರ್ಚನೆಯನ್ನು ಮಾಡಿ, ಸಮ್ಮತರಾದವರೆಲ್ಲರನ್ನೂ ಕರೆಯಿಸಿ, ಅವರ ಸಾಕ್ಷಿಯಾಗಿ ಮಗನಿಗೆ ಸರ್ವಸ್ವವನ್ನೂ ನಿವೇದಿಸಬೇಕು. ಧನವನ್ನು ಮೂರು ಭಾಗವಾಗಿ ಮಾಡಿ ಒಂದನ್ನು ಧರ್ಮಕಾರ್ಯಕ್ಕೆ, ಒಂದನ್ನು ಗೃಹವ್ಯಯಕ್ಕೆ, ಒಂದನ್ನು ಒಡಹುಟ್ಟಿದವರ ಹಂಚಿಕೆಗೆ ಗೊತ್ತುಮಾಡಬೇಕು. ಪುತ್ರಿಯರಿಗೂ ಪುತ್ರರಿಗೆ ಸಮನಾದ ಅಂಶವಿರಬೇಕು. ಇದು ಪಾಲಕನ ಪ್ರತ್ಯರ್ಪಣವಲ್ಲ, ಒಡೆಯನ ತ್ಯಾಗ. ಆದರೆ ಒಪ್ಪಿಸುವ ವಿಧಾನ ಒಂದೇ: ಸಾಕ್ಷಿಗಳು, ಸರ್ವಸ್ವದ ನಿವೇದನ, ಪ್ರತಿಯೊಂದು ಅಂಶದ ವಿನಿಯೋಗದ ನಿರ್ದೇಶ. ಒಡೆಯನೇ ಇಷ್ಟನ್ನು ಮಾಡಬೇಕಾದರೆ ಒಡೆಯನಲ್ಲದ ಪಾಲಕನ ಹೊಣೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಆದರ್ಶವು ಗ್ರಂಥದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವು ನಿದರ್ಶನ. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ಮಡಿದಾಗ ಅವನ ಪದವಿಯು ಪತ್ನಿ ಜಕ್ಕಿಯಬ್ಬೆಗೆ ಬಂದಿತು. ಜಿನಶಾಸನಭಕ್ತೆಯಾದ ಆಕೆ ನಾಡನ್ನು ದಕ್ಷತೆಯಿಂದ ಪಾಲಿಸಿದಳೆಂದು ಶಾಸನವು ಹೊಗಳಿದೆ. ಶಕವರ್ಷ 840ರಲ್ಲಿ (ಕ್ರಿ.ಶ. 918) ವ್ಯಾಧಿಗ್ರಸ್ತಳಾದ ಆಕೆ ಸಂಸಾರದ ಅಸಾರತೆಯನ್ನು ಮನಗಂಡು, ಮಗಳನ್ನು ಕರೆಯಿಸಿ ತನ್ನದನ್ನು ಆಕೆಗೆ ಒಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಗೆ ಬಂದು ವ್ರತಪೂರ್ವಕವಾಗಿ ದೇಹವನ್ನು ತೊರೆದಳು. ಇಲ್ಲಿನ ಕ್ರಮವು ಗಮನಾರ್ಹ: ಮೊದಲು ಒಪ್ಪಣೆ, ಅನಂತರ ಸಲ್ಲೇಖನ. ಸಲ್ಲೇಖನಕ್ಕೆ ತೊಡಗುವವನು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು ಶುದ್ಧಮನಸ್ಕನಾಗಿರಬೇಕೆಂದು ರತ್ನಕರಂಡಕವು ವಿಧಿಸುತ್ತದೆ. ಲೋಕದ ಲೆಕ್ಕವನ್ನು ಬಾಕಿಯಿರಿಸಿಕೊಂಡು ಆ ವ್ರತಕ್ಕೆ ತೊಡಗುವಂತಿಲ್ಲ.

ಅಮೋಘವರ್ಷನೂ ಕೊನೆಗಾಲದಲ್ಲಿ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಪ್ರಶ್ನೋತ್ತರರತ್ನಮಾಲಿಕೆಯ ಮುಕ್ತಾಯಪದ್ಯವು ಹೇಳುತ್ತದೆ. ಈ ಕೃತಿಯ ಕರ್ತೃತ್ವವನ್ನು ಬೇರೆ ಬೇರೆ ಹಸ್ತಪ್ರತಿಗಳು ಶಂಕರಾಚಾರ್ಯ, ವಿಮಲ, ಅಮೋಘವರ್ಷ ಎಂದು ಬೇರೆ ಬೇರೆಯವರಿಗೆ ಸಲ್ಲಿಸುತ್ತವೆ. ದಿಗಂಬರ ಪಾಠವೂ ಪ್ರಾಚೀನವಾದ ಟಿಬೆಟ್ ಭಾಷಾಂತರವೂ ಅಮೋಘವರ್ಷನ ಪಕ್ಷದಲ್ಲಿವೆ. ಪಾಲಿತನಾಗಿ ಪಡೆದ ರಾಜ್ಯವನ್ನು ಅವನು ಒಡೆಯನಾಗಿ ಬಿಟ್ಟನು.

6. ಇಂದಿನ ಕಾನೂನು

ಇಂದು ಈ ವಿಷಯವು ಶಾಸನಬದ್ಧ ನ್ಯಾಯದ ಕೈಯಲ್ಲಿದೆ. 1890ರ ಪಾಲಕ ಮತ್ತು ಪಾಲಿತರ ಅಧಿನಿಯಮದ ಜೊತೆಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವೂ ಜಾರಿಯಲ್ಲಿದ್ದು, ಎರಡನೆಯದು ಜೈನರಿಗೂ ಅನ್ವಯಿಸುವುದೆಂದು ಅದರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. 1875ರ ಅಧಿನಿಯಮದಂತೆ ಪ್ರಾಪ್ತವಯಸ್ಸು 18 ವರ್ಷ. ನ್ಯಾಯಾಲಯವು ಪಾಲಕನನ್ನು ನೇಮಿಸಿದ್ದಲ್ಲಿ ಅದು 21 ವರ್ಷವಾಗಿತ್ತು. 1999ರ ತಿದ್ದುಪಡಿಯಿಂದ ಆ ಭೇದವು ತೊಲಗಿತು.

1890ರ ಅಧಿನಿಯಮದ 20ನೆಯ ಪ್ರಕರಣವು ಪಾಲಕನ ಸ್ಥಾನವನ್ನು ನಂಬಿಕೆಯ ಸ್ಥಾನವೆಂದು ಹೇಳಿ, ಅದರಿಂದ ಸ್ವಲಾಭವನ್ನು ಪಡೆಯಬಾರದೆಂದು ನಿಷೇಧಿಸುತ್ತದೆ. 34ನೆಯ ಪ್ರಕರಣದಂತೆ ನ್ಯಾಯಾಲಯವು ಕೇಳಿದಲ್ಲಿ ಪಾಲಕನು ನೇಮಕವಾದ ಆರು ತಿಂಗಳೊಳಗೆ ಸ್ಥಿರ-ಚರಸ್ವತ್ತುಗಳ ಪಟ್ಟಿಯನ್ನು ಒಪ್ಪಿಸಬೇಕು. ಆರಂಭದ ಈ ಪಟ್ಟಿಯೇ ಕೊನೆಯ ಲೆಕ್ಕಕ್ಕೆ ಆಧಾರ. 41ನೆಯ ಪ್ರಕರಣದಂತೆ ಪಾಲಕತ್ವವು ಯಾವ ಕಾರಣದಿಂದ ಕೊನೆಗೊಂಡರೂ ಪಾಲಕನು, ಅವನು ಮೃತನಾಗಿದ್ದರೆ ಅವನ ಪ್ರತಿನಿಧಿಯು, ತನ್ನ ವಶದಲ್ಲಿರುವ ಪಾಲಿತನ ಸ್ವತ್ತನ್ನೂ, ಪಾಲಿತನ ಹಿಂದಿನ ಮತ್ತು ಇಂದಿನ ಸ್ವತ್ತಿಗೆ ಸಂಬಂಧಿಸಿದ ಲೆಕ್ಕಪತ್ರಗಳನ್ನೂ ಒಪ್ಪಿಸುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ‘ಹಿಂದಿನ’ ಎಂಬ ಮಾತು ಮುಖ್ಯವಾದುದು. ಉಳಿದುದಕ್ಕೆ ಮಾತ್ರವಲ್ಲ, ಉಳಿಯದುದಕ್ಕೂ ಲೆಕ್ಕವುಂಟು. ಹೀಗೆ ಒಪ್ಪಿಸಿದ ಬಳಿಕ ನ್ಯಾಯಾಲಯವು ಪಾಲಕನನ್ನು ಹೊಣೆಯಿಂದ ಮುಕ್ತನೆಂದು ಸಾರಬಹುದು. ಆದರೆ ಮುಂದೆಂದಾದರೂ ಬೆಳಕಿಗೆ ಬರುವ ವಂಚನೆಯ ಹೊಣೆಯಿಂದ ಆ ಬಿಡುಗಡೆಯು ಅವನನ್ನು ರಕ್ಷಿಸದು.

ಈ ಕೊನೆಯ ಅಪವಾದದಲ್ಲಿ ಪೂಜ್ಯಪಾದನು ಕಂಡ ಸೂಕ್ಷ್ಮವೇ ಬೇರೆ ಭಾಷೆಯಲ್ಲಿ ಕಾಣಿಸಿಕೊಂಡಿದೆ. ಪಾಲಿತನು ಕೊಟ್ಟಷ್ಟನ್ನು ಪಡೆದು ತೃಪ್ತನಾಗಿರಬಹುದು, ಪಾವತಿಯನ್ನೂ ಬರೆದುಕೊಟ್ಟಿರಬಹುದು. ಮರೆಮಾಚಿದುದು ಮುಂದೆ ತಿಳಿದುಬಂದಲ್ಲಿ ಆ ತೃಪ್ತಿಗೂ ಪಾವತಿಗೂ ಬೆಲೆಯಿಲ್ಲ. ಆದರೆ ಕಾನೂನಿಗೂ ವ್ರತಕ್ಕೂ ಒಂದು ಅಂತರವಿದೆ. ಕಾನೂನು ಕೇಳುವವನಿದ್ದಾಗ ಕೆಲಸಮಾಡುತ್ತದೆ. ಪಾಲಕನು ಅನುಮತಿಯಿಲ್ಲದೆ ಮಾಡಿದ ಪರಭಾರೆಯನ್ನು ರದ್ದುಗೊಳಿಸಲು ಪಾಲಿತನಿಗೆ 1963ರ ಕಾಲಪರಿಮಿತಿ ಅಧಿನಿಯಮದಂತೆ ಪ್ರಾಪ್ತವಯಸ್ಕನಾದಂದಿನಿಂದ ದೊರೆಯುವುದು ಮೂರೇ ವರ್ಷ. ತನಗೆ ಸ್ವತ್ತಿತ್ತೆಂಬುದೇ ತಿಳಿಯದ ಹದಿನೆಂಟರ ಹುಡುಗನೋ ಹುಡುಗಿಯೋ ಮೂರು ವರ್ಷದಲ್ಲಿ ಕೇಳಲಾರದೆ ಹೋಗುವ ಸಂಭವ ಕಡಮೆಯೇನಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಹತ್ತದ ಕುಟುಂಬಗಳಲ್ಲಿ, ಚಿಕ್ಕಪ್ಪನೋ ಸೋದರಮಾವನೋ ಬಾಯಿಮಾತಿನಿಂದ ಪಾಲಕನಾಗಿರುವಲ್ಲಿ, ಕೇಳುವ ಪ್ರಶ್ನೆಯೇ ಏಳದಿರಬಹುದು. ಅಲ್ಲಿ ಉಳಿಯುವುದು ವ್ರತವೊಂದೇ.

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ಮೊದಲನೆಯದಾಗಿ, ಸ್ವತ್ತನ್ನು ಬೆಳೆಸಿದುದು ಪಾಲಕನಿಗೆ ಒಡೆತನವನ್ನು ತಂದುಕೊಡುವುದಿಲ್ಲ. ಐಹೊಳೆಯ ಶಾಸನವು ಇದನ್ನು ಸಾರುತ್ತದೆ. ಎರಡನೆಯದಾಗಿ, ಪ್ರತ್ಯರ್ಪಣಕ್ಕೆ ಒಪ್ಪಿಸಿದವನ ಹೇಳಿಕೆಯಲ್ಲದೆ ಪಡೆದವನ ಅಂಗೀಕಾರವೂ ಬೇಕು. ಸೂರತ್ ಮತ್ತು ಸಂಜಾನ್ ಪಟಗಳನ್ನು ಕೂಡಿಸಿ ಓದಿದಾಗ ಇದು ಸ್ಫುಟವಾಗುತ್ತದೆ. ಮೂರನೆಯದಾಗಿ, ಪಾಲಿತನು ಕೇಳಿದಷ್ಟನ್ನು ಕೊಡುವುದು ಪ್ರತ್ಯರ್ಪಣವಲ್ಲ. ಅವನು ಕೇಳಲು ಅರಿಯದುದನ್ನೂ ಎಣಿಸಿ ಹೇಳಿ ಕೊಡುವುದೇ ಪ್ರತ್ಯರ್ಪಣ. ಈ ಮೂರನೆಯ ಅಂಶವನ್ನು ಸತ್ಯವ್ರತದ ಅಡಿಯಲ್ಲಿ ಇರಿಸಿದುದು ಜೈನ ಆಚಾರಶಾಸ್ತ್ರದ ವೈಶಿಷ್ಟ್ಯ. ಶ್ರಾವಕಾಚಾರ ಗ್ರಂಥಗಳನ್ನು ಕೇವಲ ಮತಾಚರಣೆಯ ಕೈಪಿಡಿಗಳೆಂದು ಬದಿಗಿರಿಸದೆ ನ್ಯಾಯಶಾಸ್ತ್ರದ ಇತಿಹಾಸಕ್ಕೆ ಆಕರಗಳೆಂದು ಅಭ್ಯಸಿಸಬೇಕಾದ ಅಗತ್ಯವನ್ನು ಇದು ಮನಗಾಣಿಸುತ್ತದೆ.